ವಾರ್ಫರಿನ್ ಇಲ್ಲದೆಯೂ ಐಎನ್‌ಆರ್ 1.8: ತಲೆಪೆಟ್ಟಿನ ರೋಗಿಗೆ ಏನು ಮಾಡುವುದು?

ತಲೆಗೆ ತೀವ್ರ ಪೆಟ್ಟಾದ ನಿಮ್ಮ ರೋಗಿ ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿಲ್ಲ, ಆದರೂ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎನ್ನುವ ಅಳತೆ) 1.8, ಪ್ಲೇಟ್‌ಲೆಟ್ (ಹೆಪ್ಪುಗಟ್ಟಲು ಬೇಕಾದ ರಕ್ತಕಣ) 70,000 ಇದೆ, ಏನು ಕೊಡಬೇಕು ಎಂದು ಕೇಳಿದ್ದೀರಿ. ಹೀಗಿದ್ದರೆ ಕಾರಣ ಬಹುತೇಕ ಮಿದುಳಿನ ಗಾಯವೇ. ಜಜ್ಜಿದ ಮಿದುಳಿನಿಂದ ಟಿಶ್ಯೂ ಫ್ಯಾಕ್ಟರ್ ಎಂಬ, ಹೆಪ್ಪುಗಟ್ಟುವಿಕೆ ಶುರು ಮಾಡುವ ಪ್ರೋಟೀನ್ ರಕ್ತಕ್ಕೆ ಸೇರುತ್ತದೆ. ಹೆಪ್ಪುಗಟ್ಟಿಸುವ ಅಂಶಗಳೆಲ್ಲ ಸುಮ್ನೆ ಖರ್ಚಾಗಿ ಹೋಗುತ್ತವೆ.

ಮೊದಲು ಫೈಬ್ರಿನೋಜನ್ (ಹೆಪ್ಪು ಕಟ್ಟುವ ಪ್ರೋಟೀನ್) ಪರೀಕ್ಷೆಗೆ ಕಳಿಸಿ. ನೀವು ಬರೆದ ರಿಪೋರ್ಟ್‌ನಲ್ಲಿ ಅದೇ ಇಲ್ಲ, ಅಲ್ವಾ? ಡೆಸಿಲೀಟರ್‌ಗೆ 150 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಕ್ರಯೋಪ್ರೆಸಿಪಿಟೇಟ್ (ಪ್ಲಾಸ್ಮಾದಿಂದ ತೆಗೆದ, ಫೈಬ್ರಿನೋಜನ್ ಹೆಚ್ಚಿರುವ ಅಂಶ) ಕೊಡಿ. ಬರೀ ಪ್ಲಾಸ್ಮಾದಿಂದ (ರಕ್ತಕಣ ತೆಗೆದ ದ್ರವ) ಫೈಬ್ರಿನೋಜನ್ ಬೇಗ ಏರುವುದಿಲ್ಲ, ನೀರಿನಂಶ ಮಾತ್ರ ಜಾಸ್ತಿಯಾಗುತ್ತದೆ. ಆಪರೇಷನ್ ಇದ್ದರೆ ಪ್ಲೇಟ್‌ಲೆಟ್ 1 ಲಕ್ಷ ದಾಟಿಸಿ. ಐಎನ್‌ಆರ್ ಇಳಿಸಲು ಪ್ಲಾಸ್ಮಾ, ಕೆಜಿಗೆ 10ರಿಂದ 15 ಮಿಲಿ. ಮೈ ಬೆಚ್ಚಗಿಡಿ, ಕ್ಯಾಲ್ಸಿಯಂ ನೋಡುತ್ತಿರಿ. ಮೈ ತಣ್ಣಗಿದ್ದರೆ ಕೊಟ್ಟದ್ದೆಲ್ಲ ಸರಿಯಾಗಿ ಕೆಲಸ ಮಾಡುವುದಿಲ್ಲ.

ಟ್ರಾನೆಕ್ಸಾಮಿಕ್ ಆಸಿಡ್ (ಕಟ್ಟಿದ ಹೆಪ್ಪು ಕರಗದಂತೆ ತಡೆಯುವ ಔಷಧಿ) ಬಗ್ಗೆಯೂ ಕೇಳಿದ್ದೀರಿ. ಪೆಟ್ಟಾಗಿ 3 ಗಂಟೆ ದಾಟಿದ್ದರೆ ಬೇಡ. ದಾಟಿಲ್ಲದಿದ್ದರೆ 10 ನಿಮಿಷದಲ್ಲಿ 1 ಗ್ರಾಂ, ಆಮೇಲೆ 8 ಗಂಟೆಯಲ್ಲಿ ಇನ್ನೊಂದು ಗ್ರಾಂ. ಆದರೆ ತಲೆಪೆಟ್ಟಿನ ರೋಗಿಗಳಿಗೆ ಈ ಔಷಧಿ ಕೊಟ್ಟು ನೋಡಿದ 2019ರ ಕ್ರಾಶ್-3 ಅಧ್ಯಯನದಲ್ಲಿ ಲಾಭ ಕಂಡದ್ದು ಸಣ್ಣ, ಮಧ್ಯಮ ಗಾಯದವರಲ್ಲಿ. ನಿಮ್ಮ ರೋಗಿಯಷ್ಟು ತೀವ್ರ ಗಾಯದಲ್ಲಿ ಲಾಭ ಸ್ಪಷ್ಟವಿಲ್ಲ.

ಪ್ರತಿ ಸಲ ಕೊಟ್ಟ ಮೇಲೆ ಮತ್ತೆ ಪರೀಕ್ಷೆ ಮಾಡಿಸಿ. ಕೆಲವೇ ದಿನದಲ್ಲಿ ಇದೇ ರೋಗಿಯ ಕಾಲಲ್ಲಿ ಹೆಪ್ಪುಗಟ್ಟಬಹುದು, ಅದಕ್ಕೆ ಕಾಲೊತ್ತುವ ಪಂಪ್ ಈಗಲೇ ಹಾಕಿ. ಹೆಪ್ಪು ತಡೆಯುವ ಹೆಪಾರಿನ್ ಮಾತ್ರ ಮರು ಸಿಟಿ ಸ್ಕ್ಯಾನ್‌ನಲ್ಲಿ ರಕ್ತಸ್ರಾವ ನಿಂತಿದೆ ಎಂದು ಖಚಿತವಾದ ಮೇಲೆ, ನ್ಯೂರೋಸರ್ಜನ್ ಒಪ್ಪಿದರೆ.