ಓದುಗರ ಪ್ರಶ್ನೆ: ಕಾಂಡ್ಲಾ ನೀರಿನ ಹವಳ

ಪ್ರಶ್ನೆ: 2019ರ ರೋಲೆಕ್ಸ್ ಪ್ರಶಸ್ತಿ ಪಟ್ಟಿಯಲ್ಲಿ ನಮ್ಮ ವನ್ಯಜೀವಿ ವಿಜ್ಞಾನಿ ಕೃತಿ ಕಾರಂತರ ಜೊತೆಗೆ ಎಮ್ಮಾ ಕ್ಯಾಂಪ್ ಎಂಬ ಯುವ ಹವಳ ವಿಜ್ಞಾನಿಯ ಹೆಸರೂ ಇತ್ತು. ಅವರಿಗೆ ಮನ್ನಣೆ ಸಿಕ್ಕಿದ್ದು ಯಾವ ಕೆಲಸಕ್ಕೆ?
– ಓದುಗರು, ಕುಮಟಾ

ಉತ್ತರ: ಹವಳ ಬದುಕುವುದೇ ಕಷ್ಟ ಎನ್ನುವ ನೀರಿನಲ್ಲಿ ಹವಳ ಹುಡುಕುವ ಕೆಲಸಕ್ಕೆ. ಕೃತಿ ಕಾರಂತರು ಆ ವರ್ಷದ ಐವರು ಮುಖ್ಯ ಪುರಸ್ಕೃತರಲ್ಲಿ ಒಬ್ಬರು. ಸಿಡ್ನಿಯ ತಂತ್ರಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪ್ ಸಹ-ಪುರಸ್ಕೃತರು (ಅಸೋಸಿಯೇಟ್ ಲಾರಿಯೆಟ್).

ಹವಳದ ಜೀವಕೋಶಗಳೊಳಗೆ ಸೂಕ್ಷ್ಮ ಪಾಚಿ ಇರುತ್ತದೆ. ಹವಳಕ್ಕೆ ಬೇಕಾದ ಆಹಾರದ ಬಹುಪಾಲು ಅದರಿಂದಲೇ. ಬೇಸಿಗೆಯ ವಾಡಿಕೆಯ ಗರಿಷ್ಠ ಉಷ್ಣಾಂಶಕ್ಕಿಂತ ನೀರು 1 ಡಿಗ್ರಿ ಹೆಚ್ಚು ಕಾದು ನಾಲ್ಕು ವಾರ ಹಾಗೇ ನಿಂತರೆ ಪಾಚಿ ಹೊರಬಿದ್ದು ಹವಳ ಬಿಳಿಚಿಕೊಳ್ಳುತ್ತದೆ. ಎಂಟು ವಾರ ದಾಟಿದರೆ ಸಾವು ಶುರು. 2016 ಮತ್ತು 2017ರಲ್ಲಿ ಆಸ್ಟ್ರೇಲಿಯಾದ ಹವಳ ದಿಬ್ಬಗಳ ಸಾಲು ಗ್ರೇಟ್ ಬ್ಯಾರಿಯರ್ ರೀಫ್ ಬೆನ್ನುಬೆನ್ನಿಗೆ ಹೀಗೆ ಬಿಳಿಚಿತ್ತು.

ಆದರೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವಿನ ನೀರು ಆಗಾಗ ತುಂಬ ಬಿಸಿಯಾಗುತ್ತದೆ. ಎಲೆ ಕೊಳೆಯುವಾಗ ಆಮ್ಲಜನಕ ಖರ್ಚಾಗಿ ಇಂಗಾಲದ ಡೈಆಕ್ಸೈಡ್ ಹೆಚ್ಚುವುದರಿಂದ ನೀರಿನ ಪಿಎಚ್ ಕೂಡ ಇಳಿಯುತ್ತದೆ, ಅಂದರೆ ನೀರು ಹೆಚ್ಚು ಆಮ್ಲೀಯವಾಗುತ್ತದೆ. ಪೆಸಿಫಿಕ್ ಸಾಗರದ ನ್ಯೂ ಕ್ಯಾಲಿಡೋನಿಯಾ ದ್ವೀಪದ ಬುರಾಕೆಯಲ್ಲಿ ಇಂಥ ಮೂರೂ ಕಷ್ಟಗಳ ನಡುವೆ ಹವಳಗಳು ದಂಡಿಯಾಗಿ ಬೆಳೆದಿರುವುದನ್ನು ಕ್ಯಾಂಪ್ ಮತ್ತು ಸಂಗಡಿಗರು 2017ರಲ್ಲಿ ವರದಿ ಮಾಡಿದರು. ಗ್ರೇಟ್ ಬ್ಯಾರಿಯರ್ ರೀಫ್‌ನ ಕಾಂಡ್ಲಾ ನೀರಿನಲ್ಲೂ ಅಂಥವನ್ನೇ ಹುಡುಕುವ ಯೋಜನೆಗೆ ಈ ಪ್ರಶಸ್ತಿ ಬಂತು. ಮುಗಿಸಿದ ಕೆಲಸಕ್ಕಿಂತ ಮುಂದೆ ಆಗಬೇಕಾದ ಕೆಲಸಕ್ಕೆ ಹಣ ಕೊಡುವ ಇಂಥ ಮನ್ನಣೆಯೇ ಯುವ ವಿಜ್ಞಾನಿಗೆ ಹೆಚ್ಚು ಬೇಕಾದದ್ದು ಎಂದು ನಮ್ಮ ಅಭಿಪ್ರಾಯ.

ಪ್ರಶ್ನೆ: ಹಾಗಾದರೆ ಆ ಗಟ್ಟಿ ಹವಳಗಳನ್ನೇ ಕಿತ್ತು ಎಲ್ಲ ಕಡೆ ನೆಡಬಹುದಲ್ಲ?
– ಓದುಗರು, ಶಿವಮೊಗ್ಗ

ಉತ್ತರ: ಅಷ್ಟು ಸುಲಭವಲ್ಲ. ಆಮ್ಲೀಯ ನೀರಿನಲ್ಲಿ ಸುಣ್ಣದ ಅಸ್ಥಿ ಕಟ್ಟುವುದು ನಿಧಾನ. ತಾಳಿಕೆಗೆ ಹವಳ ತೆರುವ ಬೆಲೆ ಅದು. ಹೊಸ ಜಾಗಕ್ಕೆ ಹೋದ ಮೇಲೂ ಆ ತಾಳಿಕೆ ಉಳಿಯುತ್ತದೆಯೇ ಎಂದು ಮೊದಲು ಪರೀಕ್ಷಿಸಬೇಕು.

ನೆಡುವ ವಿಧಾನ ಮಾತ್ರ ಈಗ ಚೆನ್ನಾಗಿ ಪಳಗಿದೆ. ಕ್ಯಾಂಪ್, ಹವಳ ವಿಜ್ಞಾನಿ ಡೇವಿಡ್ ಸಗೆಟ್ ಮತ್ತು ಆಸ್ಟ್ರೇಲಿಯಾದ ಪೋರ್ಟ್ ಡಗ್ಲಾಸ್‌ನಲ್ಲಿ ಪ್ರವಾಸಿ ದೋಣಿ ನಡೆಸುವ ಜಾನ್ ಎಡ್ಮಂಡ್‌ಸನ್ 2018ರಲ್ಲಿ ಕೋರಲ್ ನರ್ಚರ್ ಪ್ರೋಗ್ರಾಂ ಶುರುಮಾಡಿದರು. ಅಲೆಗೆ ಮುರಿದು ತಳದಲ್ಲಿ ಬಿದ್ದ ತುಂಡುಗಳನ್ನು ಆರಿಸಿ, ನೀರೊಳಗಿನ ಅಲ್ಯೂಮಿನಿಯಂ ಜಾಲರಿ ಚೌಕಟ್ಟಿಗೆ ಕಟ್ಟಿ ಬೆಳೆಸುತ್ತಾರೆ. ಆಮೇಲೆ ಸತ್ತ ಹವಳದ ಗಟ್ಟಿ ಬಂಡೆಯನ್ನು ತಂತಿ ಬ್ರಷ್‌ನಿಂದ ಉಜ್ಜಿ, ಪಾಚಿ ತೆಗೆದು, ಮೊಳೆ ಹೊಡೆದು, ಸ್ಟೇನ್‌ಲೆಸ್ ಸ್ಟೀಲಿನ ಸ್ಪ್ರಿಂಗ್ ಕ್ಲಿಪ್‌ನಲ್ಲಿ ತುಂಡನ್ನು ಒತ್ತಿ ಹಿಡಿಸುತ್ತಾರೆ. ಎಡ್ಮಂಡ್‌ಸನ್ ರೂಪಿಸಿದ ಈ ಕ್ಲಿಪ್ಪಿಗೆ ಹೆಚ್ಚು ಹೊತ್ತು ಬೇಡ. ಅಂಟು, ಸಿಮೆಂಟು ಒಣಗುವವರೆಗೆ ಕಾಯುವ ತಾಪತ್ರಯವೂ ಇಲ್ಲ.

ಕೆಡುವುದು ಹೆಚ್ಚಾಗಿ ಬುಡದಲ್ಲೇ. ತುಂಡು ಕೂದಲೆಳೆಯಷ್ಟು ಅಲುಗಾಡಿದರೂ ಅದರ ಮೃದು ಚರ್ಮ ಬಂಡೆಗೆ ತಿಕ್ಕಿ ಸವೆದು, ಬಿಳಿ ಅಸ್ಥಿ ಕಾಣಿಸಿ, ಅಲ್ಲಿ ಪಾಚಿ ಹತ್ತುತ್ತದೆ. ಸಡಿಲ ಕಲ್ಲುಚೂರಿನ ಮೇಲೆ ನೆಟ್ಟದ್ದು ಮುಂದಿನ ಬಿರುಗಾಳಿಗೆ ಉರುಳುತ್ತದೆ. ಡ್ರುಪೆಲ್ಲಾ ಬಸವನಹುಳು ತುಂಡನ್ನು ಬುಡದಿಂದ ತಿನ್ನುತ್ತದೆ. ಕೈಯಿಂದ ಹೆಕ್ಕಿ ತೆಗೆಯುವುದೇ ಉಪಾಯ. ಇವೆಲ್ಲಕ್ಕಿಂತ ದೊಡ್ಡ ತಪ್ಪು, ಒಂದೇ ತಾಯಿಹವಳದ ತುಂಡುಗಳನ್ನು ನೂರಾರು ಕಡೆ ನೆಡುವುದು. ಅವೆಲ್ಲ ಒಂದೇ ತಳಿ, ಹಾಗಾಗಿ ಒಂದೇ ಬಿಸಿಗೆ ಎಲ್ಲವೂ ಒಟ್ಟಿಗೆ ಹೋಗಬಹುದು. ಯಾವ ತುಂಡು ಯಾವ ತಾಯಿಯದು ಎಂಬ ಲೆಕ್ಕ ಇಡದ ನರ್ಸರಿಯನ್ನು ನಂಬಬೇಡಿ. ಸಮುದ್ರ ಬಿಸಿಯಾಗುವುದನ್ನು ಯಾವ ಕ್ಲಿಪ್ಪೂ ತಡೆಯಲಾರದು. ಕಾಪಾಡಿದ ತಳಿಗಳಿಗೆ ಒಂದಿಷ್ಟು ಕಾಲಾವಕಾಶ ಸಿಗುತ್ತದೆ, ಅಷ್ಟೆ.

ಪ್ರಶ್ನೆ: ಮಗಳು ಕಾರವಾರದಲ್ಲಿ ಕಡಲ ಜೀವಶಾಸ್ತ್ರ ಎಂ.ಎಸ್ಸಿ. ಓದುತ್ತಿದ್ದಾಳೆ. ಇಂಥ ಕೆಲಸ ಇಲ್ಲಿ ಶುರುಮಾಡಲು ಸಾಧ್ಯವೇ?
– ಓದುಗರು, ಅಂಕೋಲಾ

ಉತ್ತರ: ಖಂಡಿತ ಸಾಧ್ಯ. ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದಲ್ಲಿ ಹವಳ ಇದೆ. ನೆಡುವ ಕೆಲಸ ಕಲಿಯಬೇಕೆಂದರೆ ತೂತ್ತುಕುಡಿಯ ಸುಗಂತಿ ದೇವದಾಸನ್ ಕಡಲ ಸಂಶೋಧನಾ ಸಂಸ್ಥೆ 2002ರಿಂದ ಮನ್ನಾರ್ ಕೊಲ್ಲಿಯಲ್ಲಿ ಕಾಂಕ್ರೀಟ್ ಚೌಕಟ್ಟುಗಳ ಮೇಲೆ ಹವಳ ನೆಡುತ್ತ ಬಂದಿದೆ.

ಮಗಳು ನೆಡುವುದಕ್ಕಿಂತ ಮೊದಲು ಅಳೆಯುವುದನ್ನು ಕಲಿಯಲಿ. ಒಂದಷ್ಟು ಹವಳಗಳ ಪಕ್ಕದ ಬಂಡೆಗೆ ನಂಬರ್ ಗುರುತು ಹಾಕಿ, ಅದೇ ಕೋನದಿಂದ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಮಳೆಗಾಲಕ್ಕೆ ಮೊದಲೂ ನಂತರವೂ ಫೋಟೊ ತೆಗೆಯಲಿ. 30 ನಿಮಿಷಕ್ಕೊಮ್ಮೆ ಉಷ್ಣಾಂಶ ದಾಖಲಿಸುವ ಲಾಗರ್ ಅನ್ನು ಹವಳದ ಮಟ್ಟದಲ್ಲೇ ಕಟ್ಟಬೇಕು. ಆಳ ಕಡಿಮೆ ಇದ್ದಲ್ಲಿ ಅದಕ್ಕೆ ನೇರ ಬಿಸಿಲು ಬಿದ್ದರೆ ನೀರಿನ ನಿಜವಾದ ಉಷ್ಣಾಂಶಕ್ಕಿಂತ ಹೆಚ್ಚು ತೋರಿಸುತ್ತದೆ. ನೀರು ಆಡುವಂತೆ ತೂತಿರುವ ಬಿಳಿ ಪಿವಿಸಿ ಕೊಳವೆಯೊಳಗೆ ಇಟ್ಟರೆ ಸರಿಹೋಗುತ್ತದೆ. ಸತತ ಎರಡು ಮೂರು ವರ್ಷದ ಇಂಥ ದಾಖಲೆ ಕೈಯಲ್ಲಿದ್ದರೆ ಪಿಎಚ್.ಡಿ. ಅರ್ಜಿಗೂ ಫೆಲೋಶಿಪ್ಪಿಗೂ ತೂಕ ಬರುತ್ತದೆ.

ಒಂದು ಎಚ್ಚರಿಕೆ: ಬಂಡೆ ಕಟ್ಟುವ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ದಡಕ್ಕೆ ತೇಲಿಬಂದ ಸತ್ತ ತುಂಡನ್ನೂ ಮನೆಗೆ ತರುವಂತಿಲ್ಲ. ಮಾದರಿ ಬೇಕಿದ್ದರೆ ವಿಭಾಗದ ಮೂಲಕ ಅರಣ್ಯ ಇಲಾಖೆಗೆ ಬಹಳ ಮುಂಚೆಯೇ ಅರ್ಜಿ ಹಾಕಿಸಿ.