ಜರ್ಮನಿಗೆ ಒಂದು ವರ್ಷದ ಸ್ವಯಂಸೇವೆ: ಬಸವನಗುಡಿಯಿಂದ ಬಂದ ಪ್ರಶ್ನೆಗೆ ಉತ್ತರ

ನಮಸ್ಕಾರ. ನೀವು ಬರೆದಿದ್ದು ಇಷ್ಟು: ವಯಸ್ಸು 21, ಬಿಎಸ್‌ಡಬ್ಲ್ಯು ಮುಗಿದಿದೆ, ಮನೆ ಬಸವನಗುಡಿ, ಜರ್ಮನ್ ಭಾಷೆಯಲ್ಲಿ ಎ2 ಮಟ್ಟದ (ಆರಂಭಿಕ ಹಂತ) ಪರೀಕ್ಷೆ ಆಗಿದೆ. ಜರ್ಮನಿಯಲ್ಲಿ ಅಂಗವಿಕಲರ ಜೊತೆ ಒಂದು ವರ್ಷ ಸ್ವಯಂಸೇವೆ ಮಾಡುವ ಆಸೆ. ವೀಸಾ ಸಿಗುತ್ತಾ, ಕೊಡುವ ದುಡ್ಡಲ್ಲಿ ಬದುಕಬಹುದಾ, ಕೆಲಸ ಹೇಗಿರುತ್ತೆ ಎಂದು ಕೇಳಿದ್ದೀರಿ. ಕೊನೆಯ ಪ್ರಶ್ನೆಯನ್ನೇ ಮೊದಲು ಹಿಡಿಯುತ್ತೇನೆ. ವೀಸಾ, ದುಡ್ಡಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಅರ್ಧಕ್ಕೇ ಬಿಟ್ಟು ಹೋಗುವವರು ಬಿಡುವುದು ಮಾತ್ರ ಕೆಲಸದ ಕಾರಣಕ್ಕೆ.

ನಿಮ್ಮನ್ನು ಹಾಕುವುದು ಅಂಗವಿಕಲರು ವಾಸಿಸುವ ವಸತಿಗೃಹಕ್ಕೆ ಎಂದಿಟ್ಟುಕೊಳ್ಳಿ. ಬೆಳಗಿನ ಪಾಳಿ ಆರು, ಆರೂವರೆಗೆ ಶುರು. ನಿವಾಸಿಗಳನ್ನು ಎಬ್ಬಿಸುವುದು, ಪ್ಯಾಡ್ ಬದಲಿಸುವುದು, ಸ್ನಾನ, ಶೇವಿಂಗ್, ಹಲ್ಲುಜ್ಜಿಸುವುದು, ತಿಂಡಿ. ಎಂಟರ ಹೊತ್ತಿಗೆ ಅವರನ್ನು ಅವರು ಕೆಲಸ ಮಾಡುವ ವರ್ಕ್‌ಶಾಪಿಗೆ ಕರೆದೊಯ್ಯುವ ವ್ಯಾನ್ ಬಂದು ನಿಲ್ಲುತ್ತದೆ. ಅಂದರೆ ಅರ್ಧ ಕೆಲಸ ದೈಹಿಕ ಆರೈಕೆ. ಹೆಂಗಸರಿಗೆ ಹೆಂಗಸರೇ ಸ್ನಾನ ಮಾಡಿಸುವ ಪದ್ಧತಿ ಹಲವೆಡೆ ಇದೆ, ಎಲ್ಲೆಡೆ ಇಲ್ಲ. ಸಂದರ್ಶನದಲ್ಲೇ ನೇರವಾಗಿ ಕೇಳಿ, ಯಾರೂ ತಪ್ಪು ತಿಳಿಯುವುದಿಲ್ಲ.

ಹಾಸಿಗೆಯಿಂದ ವೀಲ್‌ಚೇರಿಗೆ ಕೂರಿಸುವುದು ಮೊದಲ ವಾರ ಕಲಿಸುವ ಕೆಲಸ, ಸೊಂಟ ಉಳುಕಿಸಿಕೊಳ್ಳುವುದೂ ಅಲ್ಲೇ. ಕುರ್ಚಿಯನ್ನು ಹಾಸಿಗೆಗೆ ಸ್ವಲ್ಪ ಓರೆಯಾಗಿ, ಆ ವ್ಯಕ್ತಿಯ ಬಲವಿರುವ ಕಡೆಗೆ ನಿಲ್ಲಿಸಬೇಕು. ಎರಡೂ ಬ್ರೇಕ್ ಹಾಕಿ. ಕಾಲಿಡುವ ತಟ್ಟೆಗಳನ್ನು ಮಡಚಿ ಪಕ್ಕಕ್ಕೆ ತಿರುಗಿಸಿ; ಇದನ್ನು ಮರೆತರೆ ಅವರ ಕಣಕಾಲಿಗೆ ಗಾಯ. ಕಂಕುಳಿಗೆ ಕೈಹಾಕಿ ಎತ್ತಲೇಬೇಡಿ, ಭುಜದ ಕೀಲು ತಪ್ಪಬಹುದು. ನಿಮ್ಮ ಮಂಡಿ ಬಗ್ಗಲಿ, ಬೆನ್ನು ನೇರ ಇರಲಿ. 'ಈಗ ಏಳೋಣ' ಎಂದು ಹೇಳಿ ಎಣಿಸಿ, ಅವರೂ ತಮ್ಮ ಶಕ್ತಿ ಹಾಕಲಿ. ಕಾಲೂರಲು ಆಗದವರಿಗೆ ಲಿಫ್ಟರ್ ಯಂತ್ರ ಇರುತ್ತದೆ. ಅದನ್ನು ಕಲಿಸಿಕೊಡುವ ಮೊದಲು ಮುಟ್ಟಬೇಡಿ, ಅವಸರವಿದೆ ಎಂದು ಯಾರಾದರೂ ಹೇಳಿದರೂ. ಹೊರಗೆ ಹೋದಾಗ ಫುಟ್‌ಪಾತ್ ಅಂಚಿನಿಂದ ಇಳಿಸುವುದು ಹಿಮ್ಮುಖವಾಗಿ, ದೊಡ್ಡ ಚಕ್ರ ಮೊದಲು. ಕಲ್ಲುಹಾಸು ಬೀದಿಯಲ್ಲೂ ಹಿಮದಲ್ಲೂ ಮುಂದಿನ ಚಿಕ್ಕ ಚಕ್ರ ಸಿಕ್ಕಿಕೊಳ್ಳುತ್ತದೆ, ಆಗ ಕುರ್ಚಿಯನ್ನು ಕೊಂಚ ಹಿಂದಕ್ಕೆ ವಾಲಿಸಿ ತಳ್ಳಬೇಕು. ಬೆಂಗಳೂರಿನ ಫುಟ್‌ಪಾತಿನಲ್ಲಿ ತಳ್ಳಿ ಅಭ್ಯಾಸವಿದ್ದವರಿಗೆ ಇದು ಲೆಕ್ಕಕ್ಕೇ ಇಲ್ಲ.

ಊಟ ಮಾಡಿಸುವಾಗ ಪಕ್ಕದಲ್ಲಿ ನಿಲ್ಲದೆ ಎದುರು ಕೂತುಕೊಳ್ಳಿ, ಕಣ್ಣಿಗೆ ಕಣ್ಣು ಸಮವಾಗಿ. ಅವರು ನೇರ ಕೂತಿರಬೇಕು, ಗಲ್ಲ ತುಸು ಕೆಳಗೆ. ನುಂಗಿದ್ದು ಖಾತ್ರಿಯಾದ ಮೇಲೆ ಮುಂದಿನ ಚಮಚ. ನುಂಗಲು ಕಷ್ಟವಿರುವವರಿಗೆ ನೀರನ್ನೂ ಪುಡಿ ಹಾಕಿ ಗಟ್ಟಿ ಮಾಡಿ ಕೊಡುತ್ತಾರೆ. 'ಪಾಪ, ಬಾಯಾರಿದೆ' ಎಂದು ಬರಿ ನೀರು ಕೊಟ್ಟರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಊಟವಾದ ಮೇಲೆ ಅರ್ಧ ಗಂಟೆ ಮಲಗಿಸಬಾರದು. ಇನ್ನೊಂದು ಮಾತು: ನೀವು ಸಸ್ಯಾಹಾರಿಯಾದರೆ ನಿಮ್ಮ ತಟ್ಟೆಯ ಚಿಂತೆ ಬೇಡ, ಆದರೆ ಅವರ ತಟ್ಟೆಯಲ್ಲಿರುವ ಹಂದಿಮಾಂಸದ ಸಾಸೇಜನ್ನು ಚೂರು ಮಾಡಿ ತಿನ್ನಿಸುವುದು ನಿಮ್ಮ ಕೆಲಸವೇ. ಅದು ಒಗ್ಗದಿದ್ದರೆ ಅರ್ಜಿ ಹಾಕುವ ಮೊದಲೇ ತೀರ್ಮಾನಿಸಿ.

ಫಿಟ್ಸ್ ಬಂದಾಗ ಕೈಗೆ ಕೀಲಿಗೊಂಚಲು ಕೊಡುವುದು, ಹಲ್ಲಿನ ನಡುವೆ ಚಮಚ ಇಡುವುದು, ಎರಡನ್ನೂ ಮರೆತುಬಿಡಿ. ಗಡಿಯಾರ ನೋಡಿ. ತಲೆಯ ಕೆಳಗೆ ಮೆತ್ತನೆಯದು ಇಡಿ, ಅಕ್ಕಪಕ್ಕದ ವಸ್ತು ಸರಿಸಿ, ಸಿಬ್ಬಂದಿಯನ್ನು ಕರೆಯಿರಿ. ಐದು ನಿಮಿಷ ದಾಟಿದರೆ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿ. ಮಾತ್ರೆ ಜೋಡಿಸುವುದು, ಡೋಸ್ ತೀರ್ಮಾನಿಸುವುದು ಸ್ವಯಂಸೇವಕರ ಕೆಲಸ ಅಲ್ಲ. ಮಾಡಿ ಎಂದರೆ 'ಇಲ್ಲ' ಅನ್ನುವ ಹಕ್ಕು ನಿಮಗಿದೆ. ಕಾನೂನಿನ ಪ್ರಕಾರ ನೀವು ಹೆಚ್ಚುವರಿ ಕೈ, ಸಂಬಳದ ನೌಕರರ ಬದಲಿ ಅಲ್ಲ. ಒಬ್ಬರನ್ನೇ ಪಾಳಿಗೆ ಹಾಕುತ್ತಿದ್ದರೆ ನಿಮ್ಮನ್ನು ಕರೆಸಿಕೊಂಡ ಸಂಸ್ಥೆಗೆ ತಿಳಿಸಿ.

ನಮ್ಮ ಕಡೆಯಿಂದ ಬಂದವರು ಎಡವುವುದು ಹೆಚ್ಚಾಗಿ ಸೋಮಾರಿತನದಿಂದಲ್ಲ, ಅತಿ ಉಪಕಾರದಿಂದ. ಒಬ್ಬಾತ ಬ್ರೆಡ್ಡಿಗೆ ಬೆಣ್ಣೆ ಸವರಲು ಹತ್ತು ನಿಮಿಷ ತೆಗೆದುಕೊಳ್ಳುತ್ತಾನೆ, ಮೇಜೆಲ್ಲ ಬೆಣ್ಣೆ. ನಮ್ಮ ಕೈ ತಾನಾಗಿ ಮುಂದೆ ಹೋಗುತ್ತದೆ. ಹೋಗಬಾರದು. ತಟ್ಟೆ ಜಾರದಂತೆ ಕೆಳಗೆ ರಬ್ಬರ್ ಹಾಸು ಇಟ್ಟು, ಬೇಕಿದ್ದರೆ ಅವನ ಮಣಿಕಟ್ಟಿಗೆ ಆಸರೆ ಕೊಟ್ಟು ಸುಮ್ಮನೆ ಕೂರುವುದೇ ಕೆಲಸ. ಯಾವ ಅಂಗಿ, ಯಾವ ಹೊತ್ತಿಗೆ ಸ್ನಾನ, ಎಲ್ಲವನ್ನೂ ಕೇಳಿಯೇ ಮಾಡಬೇಕು. ವಿಚಿತ್ರ ನೋಡಿ, ನಮ್ಮ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಜರ್ಮನಿಯ ಪಾಲ್ಗೊಳ್ಳುವಿಕೆ ಕಾಯ್ದೆಯೂ ಪಾಸಾಗಿದ್ದು 2016ರ ಡಿಸೆಂಬರಿನಲ್ಲೇ. ಕಾಗದದಲ್ಲಿ ಅಂಥ ದೂರವಿಲ್ಲ.

ಇದಕ್ಕೆಲ್ಲ ಭಾಷೆ ಬೇಕು. ಮಾತು ತೊದಲುವವರ ಜರ್ಮನ್ ಎ2ಗೆ ಅರ್ಥವಾಗುವುದಿಲ್ಲ, ಪಾಳಿ ಬದಲಾಗುವಾಗ ಸಿಬ್ಬಂದಿ ಬಡಬಡ ಹೇಳುವ ವರದಿಯಂತೂ ಅರ್ಥವಾಗುವುದೇ ಇಲ್ಲ. ಬಹಳ ಸಂಸ್ಥೆಗಳು ಅದರ ಮೇಲಿನ ಬಿ1 ಮಟ್ಟ ಕೇಳುತ್ತವೆ. ಕೇಳದಿದ್ದರೂ ಮಾಡಿಕೊಂಡೇ ಬನ್ನಿ. ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಪರೀಕ್ಷೆ ಬರೆಯಬಹುದು, ಸೀಟು ಬೇಗ ತುಂಬುತ್ತವೆ. ಜೊತೆಗೆ ಊರಲ್ಲೇ ಮೂರು ತಿಂಗಳು ಕೈಪಳಗಿಸಿಕೊಳ್ಳಿ: ಲಿಂಗರಾಜಪುರದಲ್ಲಿ 1959ರಿಂದ ಇರುವ ಅಂಗವಿಕಲರ ಸಂಸ್ಥೆ ಎಪಿಡಿ, ಇಂದಿರಾನಗರದ ಸ್ಪಾಸ್ಟಿಕ್ಸ್ ಸೊಸೈಟಿ, ಹೀಗೆ ಕೇಳಿ ನೋಡಲು ಜಾಗಗಳಿವೆ. ವಾರಕ್ಕೆರಡು ದಿನವಾದರೂ ಸರಿ. ಪ್ರಮಾಣಪತ್ರಕ್ಕಿಂತ ಈ ಕೆಲಸ ನಿಮಗೆ ಆಗುತ್ತದೋ ಇಲ್ಲವೋ ಎಂಬುದು ಅಲ್ಲೇ, ಬಿಎಂಟಿಸಿ ಖರ್ಚಿನಲ್ಲೇ ಗೊತ್ತಾಗುತ್ತದೆ.

ಈಗ ಕಾಗದಪತ್ರ. ಎರಡು ದಾರಿಗಳಿವೆ. ಎಫ್‌ಎಸ್‌ಜೆ (ಸ್ವಯಂಪ್ರೇರಿತ ಸಾಮಾಜಿಕ ವರ್ಷ) 27 ತುಂಬದವರಿಗೆ. ಕಡ್ಡಾಯ ಸೇನಾಸೇವೆ ನಿಂತ 2011ರಲ್ಲಿ ಶುರುವಾದ ಬಿಎಫ್‌ಡಿಗೆ (ಜರ್ಮನಿಯ ಕೇಂದ್ರ ಸರ್ಕಾರದ ಸ್ವಯಂಸೇವಾ ಯೋಜನೆ) ವಯಸ್ಸಿನ ಮೇಲ್ಮಿತಿ ಇಲ್ಲ, ಅದರ ಒಪ್ಪಂದ ನೇರ ಸರ್ಕಾರದ ಜೊತೆ. ನಿಮ್ಮ ಮಟ್ಟಿಗೆ ವ್ಯತ್ಯಾಸ ಅಷ್ಟೇ; ಎರಡರಲ್ಲೂ ಸಾಮಾನ್ಯವಾಗಿ 12 ತಿಂಗಳು, ವರ್ಷಕ್ಕೆ 25 ದಿನ ತರಬೇತಿ ಶಿಬಿರ. ಹೆಚ್ಚಿನ ಕಡೆ ಆಗಸ್ಟ್ ಅಥವಾ ಸೆಪ್ಟೆಂಬರಿಗೆ ಶುರು, ಹಾಗಾಗಿ ಹಿಂದಿನ ಅಕ್ಟೋಬರಿನಲ್ಲೇ ಅರ್ಜಿ ಹಾಕಬೇಕು. ಹೊರದೇಶದವರನ್ನು ಕರೆಸುವ ಅನುಭವವಿರುವ ಸಂಸ್ಥೆಗಳನ್ನೇ ಹಿಡಿಯಿರಿ: ಬೀಲೆಫೆಲ್ಡಿನ ಬೇಥೆಲ್, ಸ್ಟೈನರ್ ಶಾಲೆಗಳ ಬಳಗದ ಫ್ರೊಯಿಂಡೆ, ಹೀಗೆ. 'ಎಫ್‌ಎಸ್‌ಜೆ ಕೊಡಿಸ್ತೀವಿ' ಎಂದು ಲಕ್ಷಗಟ್ಟಲೆ ಕೇಳುವ ಏಜೆಂಟರು ಬೆಂಗಳೂರಿನಲ್ಲಿದ್ದರೆ ದೂರವಿರಿ. ನೀವೇ ಇಮೇಲ್ ಕಳಿಸಿದರೆ ಆಗುವ ಕೆಲಸ ಅದು.

ಒಪ್ಪಂದ ಕೈಗೆ ಬಂದ ಮೇಲೆ ರಾಷ್ಟ್ರೀಯ ವೀಸಾ, ಶುಲ್ಕ 75 ಯೂರೋ. ಕಾನ್ಸುಲೇಟ್ ಬೆಂಗಳೂರಿನಲ್ಲೇ ಇದೆ, ಚೆನ್ನೈಗೆ ಓಡಬೇಕಿಲ್ಲ. ಅಲ್ಲಿ ಜರ್ಮನ್‌ನಲ್ಲೇ ಕೇಳಬಹುದು: ಎಲ್ಲಿ ಕೆಲಸ, ಎಂಥವರ ಜೊತೆ, ಆಮೇಲೆ ಏನು? ಉರು ಹೊಡೆದ ಉತ್ತರ ಎರಡನೇ ಪ್ರಶ್ನೆಗೇ ಮುರಿಯುತ್ತದೆ. ಉದ್ದೇಶ ಪತ್ರದಲ್ಲಿ 'ಜನಸೇವೆಯೇ ಜನಾರ್ದನ ಸೇವೆ' ಧಾಟಿ ಬೇಡ. ಯಾವ ಕೆಲಸ ಮಾಡಿದ್ದೀರಿ, ಏನು ಕಲಿಯಬೇಕು ಅಷ್ಟೇ ಬರೆಯಿರಿ. ವೀಸಾ ನಿರಾಕರಿಸಿದರೆ ಮೊದಲಿನಂತೆ ಕಾನ್ಸುಲೇಟಿಗೇ ಆಕ್ಷೇಪ ಬರೆಯುವ ಸೌಲಭ್ಯ 2025ರ ಜುಲೈನಿಂದ ಇಲ್ಲ. ಹೊಸ ಅರ್ಜಿ, ಇಲ್ಲವೇ ಬರ್ಲಿನ್ ಕೋರ್ಟು. ಪಾಸ್‌ಪೋರ್ಟ್ ಸೇವಾ ಕೇಂದ್ರದಿಂದ ಪೊಲೀಸ್ ಕ್ಲಿಯರೆನ್ಸ್ ತೆಗೆದಿಟ್ಟುಕೊಳ್ಳಿ. ದಡಾರದ ಎರಡು ಡೋಸ್ ಚುಚ್ಚಿಸಿದ ದಾಖಲೆಯೂ ಬೇಕಾಗಬಹುದು: ಮಕ್ಕಳಿರುವ ಕಡೆ 2020ರಿಂದ ಅದು ಕಡ್ಡಾಯ. ಬಾಲ್ಯದ ಲಸಿಕೆ ಕಾರ್ಡ್ ಅಮ್ಮನ ಬೀರುವಿನಲ್ಲಿ ಇಲ್ಲದಿದ್ದರೆ ಈಗಲೇ ವೈದ್ಯರನ್ನು ಕಾಣಿ. ಬಂದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಣಿ ಆಗಬೇಕು.

ದುಡ್ಡು: ಸಿಗುವುದು ಸಂಬಳ ಅಲ್ಲ, ಕೈಖರ್ಚು. 2025ರಲ್ಲಿ ಅದರ ಗರಿಷ್ಠ ಮಿತಿ ತಿಂಗಳಿಗೆ 644 ಯೂರೋ ಇತ್ತು. ಬಹಳ ಕಡೆ ಅದಕ್ಕಿಂತ ಕಡಿಮೆ. ವಸತಿ, ಊಟ ಬೇರೆಯಾಗಿ ಸಿಗುತ್ತದೆಯೇ ಎಂದು ಒಪ್ಪಂದದಲ್ಲಿ ಓದಿ ನೋಡಿ, ಬಾಯಿಮಾತು ಸಾಲದು. ಆರೋಗ್ಯ ವಿಮೆಯ ಪೂರ್ತಿ ಕಂತು ನಿಮಗಾಗಿ ಕಟ್ಟುವುದು ಅವರೇ, ನೀವಲ್ಲ. ವಸತಿ, ಊಟ ಇದ್ದರೆ ಆರಾಮಾಗಿ ಬದುಕಬಹುದು, ಮನೆಗೆ ಕಳಿಸುವಷ್ಟು ಉಳಿಯುವುದಿಲ್ಲ. ಹಾಗಾಗಿ ಸಾಲ ಮಾಡಿ ಬರಬೇಡಿ.

ವರ್ಷ ಮುಗಿದ ಮೇಲೆ ಉಳಿಯುವ ಯೋಚನೆ ಇದ್ದರೆ, ಅಂಗವಿಕಲರ ಆರೈಕೆಗೆಂದೇ ಇರುವ ಸುಮಾರು ಮೂರು ವರ್ಷದ ವೃತ್ತಿ ತರಬೇತಿ ಇದೆ, ಹೆಸರು ಹೈಲ್‌ಎರ್‌ತ್ಸೀಯುಂಗ್ಸ್‌ಫ್ಲೇಗೆ. ಈ ಒಂದು ವರ್ಷವನ್ನು ಅದರ ಪೂರ್ವಾನುಭವವಾಗಿ ಹಲವು ಶಾಲೆಗಳು ಒಪ್ಪುತ್ತವೆ. ಚಳಿಗಾಲದಲ್ಲೇ ಶಾಲೆಗಳಿಗೆ ಬರೆಯಿರಿ. ಜರ್ಮನಿಯಲ್ಲಿರಲು ಕೊಟ್ಟ ಪರ್ಮಿಟ್ ಮುಗಿಯುವುದಕ್ಕೆ ಮೂರು ತಿಂಗಳು ಮುಂಚೆಯೇ ವಿದೇಶಿಯರ ಕಚೇರಿಯಲ್ಲಿ ಸಮಯ ಕೇಳಿಕೊಳ್ಳಿ, ದೊಡ್ಡ ಊರುಗಳಲ್ಲಿ ಅದು ಸಿಗುವುದೇ ತಡ.