ನೀತಿ ಪಾಠದ ಅಂಕ ಮತ್ತು ಮಗುವಿನ ನಡತೆ

ಮಾನ್ಯರೇ,

ನಿಮ್ಮ ಪ್ರೌಢಶಾಲೆಯಲ್ಲಿ ವರ್ಷವಿಡೀ ವಾರಕ್ಕೊಂದು ನೀತಿ ಶಿಕ್ಷಣದ ಅವಧಿ ನಡೆಯಿತೆಂದೂ, ಕೊನೆಯ ಲಿಖಿತ ಪರೀಕ್ಷೆಯಲ್ಲಿ ಮಕ್ಕಳೆಲ್ಲ ಒಳ್ಳೆಯ ಅಂಕ ಪಡೆದರೆಂದೂ, ಆದರೂ ಕಾರ್ಯಕ್ರಮ ಯಶಸ್ವಿಯಾಯಿತೆಂದು ವರದಿ ಬರೆಯಲು ನಿಮಗೆ ಮನಸ್ಸೊಪ್ಪುತ್ತಿಲ್ಲವೆಂದೂ ತಿಳಿಸಿದ್ದೀರಿ. ಪ್ರಾಮಾಣಿಕತೆಯ ಬಗ್ಗೆ ಸೊಗಸಾಗಿ ಬರೆದ ಹುಡುಗನೇ ಮರುವಾರ ಗಣಿತದ ಕಿರುಪರೀಕ್ಷೆಯಲ್ಲಿ ಪಕ್ಕದವನ ಹಾಳೆ ನೋಡಿ ಬರೆದದ್ದನ್ನು ನೀವು ಕಂಡಿದ್ದೀರಿ. ನಿಮ್ಮ ಅನುಮಾನ ಸರಿಯಾದದ್ದು.

ಅಮೆರಿಕದಲ್ಲಿ 1920ರ ದಶಕದಲ್ಲಿ ಹ್ಯೂ ಹಾರ್ಟ್‌ಶೋರ್ನ್ ಮತ್ತು ಮಾರ್ಕ್ ಮೇ ಎಂಬಿಬ್ಬರು ಸಂಶೋಧಕರು ಸುಮಾರು 11,000 ಮಕ್ಕಳನ್ನು ಇದೇ ಪ್ರಶ್ನೆಗಾಗಿ ಪರೀಕ್ಷಿಸಿದರು. ಮಕ್ಕಳು ಬರೆದ ಉತ್ತರಗಳನ್ನು ಅವರಿಗೆ ತಿಳಿಯದಂತೆ ನಕಲು ಮಾಡಿಟ್ಟುಕೊಂಡು, ಹಾಳೆಗಳನ್ನು ಹಿಂದಿರುಗಿಸಿ, ಸರಿಯುತ್ತರಗಳ ಪಟ್ಟಿ ಕೊಟ್ಟು, ಅಂಕ ನೀವೇ ಹಾಕಿಕೊಳ್ಳಿ ಎಂದರು. ಬಳಿಕ ಎರಡನ್ನೂ ಹೋಲಿಸಿದರೆ ಯಾರು ತಿದ್ದಿದ್ದಾರೆಂಬುದು ಗೊತ್ತಾಗುತ್ತಿತ್ತು. ಒಳ್ಳೆಯದು ಯಾವುದೆಂಬ ತಿಳಿವಳಿಕೆಗೂ ನಡತೆಗೂ ಅವರಿಗೆ ಕಂಡ ನಂಟು ಬಹಳ ತೆಳುವಾದದ್ದು. ಒಂದು ಸಂದರ್ಭದಲ್ಲಿ ಮೋಸ ಮಾಡಿದ ಮಗು ಇನ್ನೊಂದರಲ್ಲೂ ಮಾಡುತ್ತದೆಂದು ಹೇಳುವಂತಿರಲಿಲ್ಲ.

ಅಲ್ಲಿನ ಶಿಕ್ಷಣ ಇಲಾಖೆಯ ಸಂಶೋಧನಾ ಸಂಸ್ಥೆ 2010ರಲ್ಲಿ ಪ್ರಕಟಿಸಿದ ವರದಿಯೂ ಗಮನಾರ್ಹ. 84 ಶಾಲೆಗಳಲ್ಲಿ ಮಕ್ಕಳ ನಡತೆ ತಿದ್ದುವ ಏಳು ಕಾರ್ಯಕ್ರಮಗಳನ್ನು, ಯಾವ ಶಾಲೆಗೆ ಕಾರ್ಯಕ್ರಮ ಎಂಬುದನ್ನು ಚೀಟಿ ಎತ್ತಿದ ಹಾಗೆ ತೀರ್ಮಾನಿಸಿ, ಮೂರನೆಯ ತರಗತಿಯಿಂದ ಐದನೆಯದರವರೆಗೆ ಪರಿಶೀಲಿಸಿದಾಗ, ಒಟ್ಟಾರೆ ಸರಾಸರಿಯಲ್ಲಿ ಮಕ್ಕಳ ನಡತೆ ಸುಧಾರಿಸಿದ್ದು ಕಾಣಲಿಲ್ಲ. ಕಾರ್ಯಕ್ರಮ ಸಿಗದ ಉಳಿದ ಶಾಲೆಗಳೂ ತಮ್ಮದೇ ರೀತಿಯಲ್ಲಿ ಇಂಥ ಪಾಠಗಳನ್ನು ನಡೆಸುತ್ತಿದ್ದವು ಎಂಬುದನ್ನು ಮರೆಯಬಾರದು. ಆದ್ದರಿಂದ ನೀತಿ ಪಾಠವೇ ವ್ಯರ್ಥವೆಂದು ನಾನು ಹೇಳಲಾರೆ. ಹೋಲಿಕೆಯಿಲ್ಲದೆ ಬರೆದ ಯಶಸ್ಸಿನ ವರದಿಯನ್ನು ಮಾತ್ರ ನಂಬಲಾರೆ.

ನಿಮ್ಮ ಶಾಲೆಯಲ್ಲಿ ಮಕ್ಕಳೇ ನಡೆಸುವ ಪ್ರಾಮಾಣಿಕತೆಯ ಅಂಗಡಿ ಇದೆಯೆಂದು ಪತ್ರದ ಅಂಚಿನಲ್ಲಿ ಬರೆದಿದ್ದೀರಿ. ನನ್ನ ಪಾಲಿಗೆ ಇಡೀ ಪತ್ರದಲ್ಲಿ ಅದೇ ಮುಖ್ಯ ಸಂಗತಿ. ಮಾರುವವರಿಲ್ಲದ ಮೇಜು, ರಟ್ಟಿನ ಮೇಲೆ ಬರೆದ ಬೆಲೆ, ಪೆನ್ಸಿಲ್ಲು, ರಬ್ಬರು, ಪಕ್ಕದಲ್ಲೊಂದು ಹಣದ ಡಬ್ಬಿ: ಸಂಜೆ ಉಳಿದ ಪೆನ್ಸಿಲ್ಲುಗಳನ್ನೂ ಡಬ್ಬಿಯ ಚಿಲ್ಲರೆಯನ್ನೂ ಎಣಿಸಿ ಬರೆದಿಟ್ಟರೆ, ಪ್ರಶ್ನೆಪತ್ರಿಕೆ ಹೇಳಲಾರದ್ದನ್ನು ಆ ಲೆಕ್ಕ ಹೇಳುತ್ತದೆ. ಮುಂದಿನ ವರ್ಷ ಪಾಠ ಶುರುವಾಗುವ ಮೊದಲೇ ಒಂದು ತಿಂಗಳ ಲೆಕ್ಕವಿರಲಿ. ‘ಎ’ ವಿಭಾಗಕ್ಕೆ ಜುಲೈನಲ್ಲೂ ‘ಬಿ’ ವಿಭಾಗಕ್ಕೆ ನವೆಂಬರ್‌ನಲ್ಲೂ ಪಾಠ ಆರಂಭಿಸಿ, ಎರಡಕ್ಕೂ ಬೇರೆ ಬೇರೆ ದಿನ ಅಂಗಡಿ ತೆರೆದರೆ ಹೋಲಿಕೆಯೂ ಸಿಗುತ್ತದೆ. ಯಾವ ಮಗು ತೆಗೆದುಕೊಂಡಿತೆಂದು ಹುಡುಕಲು ಮಾತ್ರ ಹೋಗಬೇಡಿ, ಏಕೆಂದರೆ ಕಾವಲು ಕೂತ ಕ್ಷಣದಿಂದ ನೀವು ಅಳೆಯುವುದು ಭಯವನ್ನೇ ಹೊರತು ನಡತೆಯನ್ನಲ್ಲ.

ಆ ಹುಡುಗನ ಪ್ರಗತಿಪತ್ರದಲ್ಲಿ ಅಪ್ರಾಮಾಣಿಕ ಎಂದು ದಯವಿಟ್ಟು ಬರೆಯಬೇಡಿ. ಅವನಿಗೆ ಗಣಿತ ಎಲ್ಲಿ ತೊಡಕಾಗಿದೆ ಎಂದು ಮೊದಲು ಕೇಳಿ. ವರ್ಷದ ಕೊನೆಗೆ ನಿಮ್ಮ ಅಂಗಡಿಯ ಲೆಕ್ಕದ ಪುಸ್ತಕವನ್ನು ನಮಗೆ ಕಳುಹಿಸಿಕೊಡಿ. ಫಲ ಏನೇ ಬಂದಿರಲಿ, ಬಂದ ಹಾಗೆಯೇ ಪ್ರಕಟಿಸುತ್ತೇವೆ.

– ಸಂಪಾದಕ